ಐದನೆಯ ಗುಂಡಿ

ಜನರಲ್ ಮೇಯರನ ಮನೆಯ ಊಟದ ಮೇಜಿನ ಮೇಲೆ
ನಮ್ಮೂರನ್ನು ಹರವಿಕೊಂಡು ಕೂತಿದ್ದ:
ಇದು ನದಿ, ಇದು ಜೌಗು, ಇದು ಕಬ್ಬಿನ ಗದ್ದೆ.
ಶತ್ರುವಿನ ಹಡಗು ಅರವತ್ತು.
ನಮ್ಮ ಕಡೆ ಏಳುನೂರು ಬಂದೂಕು, ಚಕಮಕಿ ಕಲ್ಲಿಲ್ಲದವು.
ಪಕ್ಕದ ಕೋಣೆಯಲ್ಲಿ ಅವನ ಅಂಗಿಯ ಕಾಲರ್ ತಿರುವಿ ಹೊಲಿಯುತ್ತಿದ್ದೆ ನಾನು,
ಎಲ್ಲ ಕೇಳುತ್ತಿತ್ತು.

"ಕಲ್ಲಿರುವುದು ಅವರ ಹತ್ತಿರ" ಅಂದ ಮೇಯರ್,
ಹೆಸರು ಹೇಳಲು ನಾಚಿ.
ಹೋದ ತಿಂಗಳು ತಾನೇ ಅವರ ತಲೆಗೆ ಬೆಲೆ ಕಟ್ಟಿ
ಮಾರುಕಟ್ಟೆಯ ಕಂಬಕ್ಕೆ ಅಂಟಿಸಿದ್ದ;
ಈ ತೇವಕ್ಕೆ ಅಂಟು ಇನ್ನೂ ಒಣಗಿರಲಿಲ್ಲ.
ಬಹಳ ಹೊತ್ತು ಜನರಲ್‌ನ ಕೆಮ್ಮು ಮಾತ್ರ
ಮನೆಯಲ್ಲೆಲ್ಲ ಓಡಾಡಿತು.
ಆಮೇಲೆ ಅಂದ: "ಮುಳುಗುವವ ಹಗ್ಗದ ಕುಲ ಕೇಳುವುದಿಲ್ಲ. ಕರೆಸಿ."

ಸೈಪ್ರಸ್ ಮರಗಳ ನಡುವಿಂದ, ಗಡ್ಡದಂತೆ ಇಳಿಬಿದ್ದ ಪಾಚಿ ಸರಿಸಿಕೊಂಡು
ದೋಣಿ ದೋಣಿಯಾಗಿ ಬಂದರು ಕಡಲ್ಗಳ್ಳರು;
ಕಿವಿಯಲ್ಲಿ ಮುರು, ಪೀಪಾಯಿಗಳಲ್ಲಿ ಮದ್ದು,
ಚೀಲಗಳಲ್ಲಿ ಕಲ್ಲು, ಕಡಲೆಕಾಳಿನ ಹಾಗೆ.
ಊರು ಕಿಟಕಿ ಹಾಕಿಕೊಂಡು ಸಂದಿಯಿಂದ ನೋಡಿತು.
ಮರುದಿನ ಕಿಟಕಿ ತೆರೆಯಿತು. ಮೂರನೆಯ ದಿನ ರೊಟ್ಟಿ ಕೊಟ್ಟಿತು.

ಅಷ್ಟರಲ್ಲಿ ನಾನು ಕಂಡದ್ದು
ಫಿರಂಗಿಯ ಹಿಂದೆ ನಿಂತ ಒಬ್ಬನ ಮೈಮೇಲೆ ನೀಲಿ ಕೋಟು.
ನೀಲಿ ಕೋಟು ಯಾರೂ ತೊಡಬಹುದು.
ನಾಲ್ಕು ಹಿತ್ತಾಳೆ ಗುಂಡಿ. ಐದನೆಯದು ಮೂಳೆಯದು,
ಕಪ್ಪು ದಾರ, ದಾರದ ಗಂಟು ಹೊರಗೆ.
ಹಡಗು ಹೊರಡುವ ಬೆಳಗ್ಗೆ, ಅವಸರದಲ್ಲಿ,
"ಸಾಕು ಬಿಡೇ ಒಡೀಲ್" ಎಂದು ಆನ್ಸೆಲ್ಮ್ ಗೊಣಗುತ್ತಿದ್ದ ಹಾಗೆಯೇ
ಆ ದಾರ ಹಲ್ಲಲ್ಲಿ ಕಡಿದವಳು ನಾನು.

ಹಡಗು ಬರಲಿಲ್ಲ. ಹೆಣವೂ.
ಊರ ಸ್ಮಶಾನದಲ್ಲಿ ಅವನಿಗೊಂದು ಗುಂಡಿ ತೋಡಿಸುವ ಭಾಗ್ಯ ಸಿಗಲಿಲ್ಲ;
ಇದ್ದ ಗುಂಡಿ ಇದೊಂದೇ,
ಅದೂ ಕಳ್ಳನ ಎದೆಯ ಮೇಲೆ.

ಫಿರಂಗಿಗೆ ಮದ್ದಿನ ಚೀಲ ಹೊಲಿಯುವುದು ನನ್ನ ಪಾಲಿಗೆ ಬಂತು.
ಉಣ್ಣೆ ಬಟ್ಟೆ, ಒತ್ತು ಹೊಲಿಗೆ. ಒಂದು ಎಳೆ ಸಡಿಲ ಬಿಟ್ಟರೆ
ಮದ್ದು ಸುರಿದು, ಕಿಡಿ ತಾಗಿ, ಫಿರಂಗಿಯವನೇ ಹೋಗುತ್ತಾನೆ;
ಸೂಜಿಯನ್ನು ಯಾರೂ ವಿಚಾರಿಸುವುದಿಲ್ಲ.
ಒಂದು ಚೀಲ ಹಾಗೇ ಹೊಲಿದೆ. ಮಡಿಲಲ್ಲಿಟ್ಟುಕೊಂಡು ಕೂತೆ.
ಮಂಜಿನಾಚೆ ಅವರ ನಗಾರಿ ಶುರುವಾಗಿತ್ತು.
ತಂಗಿಯ ಮಕ್ಕಳು ಮೇಜಿನಡಿ ಮಲಗಿದ್ದರು.
ಬಿಚ್ಚಿದೆ. ಮತ್ತೆ ಹೊಲಿದೆ.
ದೇವರಿಗೆ ಗೊತ್ತು, ಅಷ್ಟು ಚೆಂದದ ಹೊಲಿಗೆ
ನನ್ನ ಮದುವೆಯ ಗೌನಿಗೂ ಹಾಕಿದವಳಲ್ಲ.

ಊರು ಉಳಿಯಿತು. ಅದನ್ನು ಬೇರೆಯವರು ಹೇಳುತ್ತಾರೆ,
ಹೆಣ ಎಣಿಸಿ, ಗಂಟೆ ಬಾರಿಸಿ.
ಚೌಕದಲ್ಲಿ ಜನರಲ್ ಕ್ಷಮಾಪತ್ರ ಓದಿದ:
ಹಿಂದಿನದೆಲ್ಲ ಮನ್ನಾ. ಅವನ ರುಜು, ಮೇಯರನ ರುಜು, ಅರಗಿನ ಮುದ್ರೆ.
ಕಾಗದದಲ್ಲಿ ಜಾಗ ಇನ್ನೂ ಬೇಕಾದಷ್ಟಿತ್ತು.
ನನ್ನನ್ನು ಯಾರೂ ಕರೆಯಲಿಲ್ಲ.

ವಾರದ ಮೇಲೆ ಅವನೇ ಬಂದ, ತೋಳು ಸುಟ್ಟ ಕೋಟು ಹಿಡಿದು:
"ಅಮ್ಮಾ, ಇದಕ್ಕೊಂದು ತೇಪೆ. ಎಷ್ಟಾಗುತ್ತೆ?"
ಹುಡುಗ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.
ತೇಪೆ ಹಾಕಿದೆ. ಕೋಟು ಯಾರದೆಂದು ಅವನು ಕೇಳಲಿಲ್ಲ,
ನಾನೂ ಕೇಳಲಿಲ್ಲ.
ಐದು ಗುಂಡಿಯೂ ಹಿತ್ತಾಳೆಯಾಗಿ ಹೊಳೆಯುವುದನ್ನು ನೋಡಿ
ಖುಷಿಯಾಗಿ, ಹೆಚ್ಚಿಗೊಂದು ನಾಣ್ಯ ಇಟ್ಟು ಹೋದ.

ನನ್ನ ಬಾಯಿ ಮುಚ್ಚಿತ್ತು.
ಮೂಳೆಯದು ಕೆನ್ನೆಯೊಳಗಿತ್ತು, ದರ್ಜಿಗಳು ಇಟ್ಟುಕೊಳ್ಳುವ ಹಾಗೆ,
ಉಪ್ಪುಪ್ಪಾಗಿ.