ನಡೆಯದ ನಾಣ್ಯ

"ಇದು ನಡಿಯಂಗಿಲ್ಲಕ್ಕ" ಅಂತ
ಹತ್ತು ರೂಪಾಯಿ ಬಿಲ್ಲೆ ತಿರುಗಿ ಕೊಡುತ್ತಾರೆ
ಮಸ್ಕಿಯಲ್ಲಿ, ಮುದಬಾಳ ಕ್ರಾಸಿನಲ್ಲಿ, ಸಿಂಧನೂರು ಸ್ಟ್ಯಾಂಡಿನ ಬಾಗಿಲಲ್ಲಿ.
ಸರಕಾರದ ಸಿಂಹ ಮೇಲೇ ಇದೆ, ನೋಡಿ ಅಂದರೆ
"ಸಿಂಹ ಇದ್ರ ಏನಾತು, ಕಿರಾಣಿಯವ ತಗೊಳ್ಳಂಗಿಲ್ಲಲ್ಲ."
ಹೀಗೆ ಚರ್ಮದ ಚೀಲದ ತಳದಲ್ಲಿ
ನಡೆಯದವೆಲ್ಲ ಕೂಡಿಬಿದ್ದು
ನನ್ನ ಹೆಗಲಿಗೆ ಒಂದು ಗುಳಿ ತೋಡಿದ್ದವು.
ನಾಣ್ಯ ಕೂಡಿಡುವ ಹುಚ್ಚು ಅಲ್ಲಿಂದಲೇ ಹತ್ತಿರಬೇಕು.

ಮೊದಲನೆಯದು ಅಂಚೆಯಲ್ಲಿ ಬಂತು,
ಕರೂರಿನ ಸೆಲ್ವಮಣಿ ಎಂಬವರಿಂದ.
ಅವರಜ್ಜನ ನಶ್ಯದ ಡಬ್ಬಿಯಲ್ಲಿತ್ತಂತೆ.
ಕಿರುಬೆರಳ ಉಗುರಿನಷ್ಟು ತಾಮ್ರ,
ಹಳೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದ ಲಕೋಟೆಯಲ್ಲಿ.
ನಾನೂರ ಐವತ್ತು. ಅಂಚೆ ಖರ್ಚು ಬೇರೆ.
ಡ್ರೈವರ್ ಖಾಜಾಸಾಬ ನಕ್ಕ:
"ಬಾಜೂಕ ಹಟ್ಟ್ಯಾಗ ಬಂಗಾರ ತೆಗೀತಾರ,
ನೀ ರೋಮಿಂದ ತಾಮ್ರ ತರಸ್ತೀದಿ."

ಡಿಪೋದ ಟ್ಯೂಬ್‌ಲೈಟಿನಡಿ
ವಾಚು ರಿಪೇರಿಯವನ ಭೂತಗನ್ನಡಿ ಇಸಿದುಕೊಂಡು ನೋಡಿದೆ.
ಒಂದು ಮಗ್ಗುಲಿಗೆ ಮುತ್ತಿನ ಪಟ್ಟಿ ಕಟ್ಟಿದ ತಲೆ,
ಉದ್ದ ಮೂಗು,
ಎಂದೂ ಚಿಲ್ಲರೆ ತರದವನ ತುಟಿ.
ಸುತ್ತ ಅಕ್ಷರಗಳು, ಅರ್ಧ ಕಿಲುಬು ತಿಂದಿದೆ.
ಇನ್ನೊಂದು ಮಗ್ಗುಲಿಗೆ ಇಬ್ಬರು ಸಿಪಾಯಿಗಳು,
ನಡುವೆ ಒಂದು ಕಂಬ.
ಅದು ದಂಡಿನ ನಿಶಾನಿ ಎಂದು ಸೆಲ್ವಮಣಿ ಬರೆದಿದ್ದರು.
ನನಗೆ ಹಾಗೆ ಕಾಣಲಿಲ್ಲ.
ಕೊನೆಯ ಬಸ್ಸು ತಪ್ಪಿಸಿಕೊಂಡ ಇಬ್ಬರು
ಸ್ಟಾಪಿನ ಕಂಬದ ಆಚೆ ಒಬ್ಬ ಈಚೆ ಒಬ್ಬ
ಆಡುವ ಮಾತೆಲ್ಲ ಮುಗಿದು
ರಸ್ತೆ ನೋಡುತ್ತ ನಿಂತಿದ್ದರು.

ಅವರ ಲೆಕ್ಕದಲ್ಲಿ ಸೊನ್ನೆ ಇರಲಿಲ್ಲವಂತೆ.
ಇದನ್ನು ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ.
ಕಡ್ಡಿ ಜೋಡಿಸಿದ ಹಾಗೆ ಗೆರೆ ಎಳೆದು ಎಣಿಸಿದ ಜನ,
ಏನೂ ಇಲ್ಲದ್ದಕ್ಕೆ ಒಂದು ಗುರುತು ಇಟ್ಟುಕೊಳ್ಳಲಿಲ್ಲ.
ನಾನೋ, ಬೆಳಗಿನ ಐದೂವರೆಯಿಂದ
ಮಷೀನು ಒತ್ತಿ ಒತ್ತಿ ಹೆಣ್ಣುಮಕ್ಕಳಿಗೆ
ಸೊನ್ನೆಯ ಚೀಟಿ ಹರಿದು ಕೊಡುವವಳು.
ಬುತ್ತಿ ಗಂಟಿನವರಿಗೆ, ಕಾಲೇಜಿನವರಿಗೆ,
ಸಿಟ್ಟಾಗಿ ತವರಿಗೆ ಹೊರಟವರಿಗೆ,
ಅದೇ ಸಂಜೆ ತಿರುಗಿ ಬರುವವರಿಗೆ
ದಿನಕ್ಕೆ ಇನ್ನೂರು ಸೊನ್ನೆ.
ಅಷ್ಟು ದೊಡ್ಡ ಸಾಮ್ರಾಜ್ಯ
ಒಬ್ಬ ಹೆಂಗಸನ್ನು ಸಿಂಧನೂರಿಗೆ ಪುಕ್ಕಟೆ ಕಳಿಸಲಾರದೆ ಹೋಯಿತಲ್ಲ!

ತೊಳೆಯಬೇಡಿ, ಉಜ್ಜಬೇಡಿ,
ಹಸಿರು ಕಿಲುಬೇ ಅದರ ಚರ್ಮ ಎಂದು
ಲಕೋಟೆಯ ಬೆನ್ನಿಗೆ ಕೆಂಪು ಶಾಯಿಯ ಇಂಗ್ಲಿಷಿತ್ತು.
ಅತ್ತೆ ಹುಲಿಗೆಮ್ಮ ಯಾವ ಅಕ್ಷರವನ್ನೂ ಓದಿದವಳಲ್ಲ.
ಅಮಾವಾಸ್ಯೆಯ ಹಿಂದಿನ ದಿನ
ತಂಬಿಗೆ, ಆರತಿ, ಗಂಟೆಗಳ ಜೊತೆ
ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿ
ಕಟ್ಟೆಯ ಮೇಲೆ ಸಾಲಾಗಿ ಒಣಗಲಿಟ್ಟಿದ್ದಳು.
"ಎಷ್ಟು ಕಿಲಬು ಹತ್ತಿತ್ತವ್ವ, ಈಗ ನೋಡು."

ನೋಡಿದೆ.
ಆಗ ತಾನೇ ಟಂಕಸಾಲೆಯಿಂದ ಬಂದ ಹಾಗೆ
ಕೆಂಪಗೆ, ಬೋಳಾಗಿ ಹೊಳೆಯುತ್ತಿತ್ತು.
ಸಾವಿರದ ಏಳುನೂರು ವರ್ಷ ತಡೆದಿದ್ದ ಮೂಗು
ಒಂದು ಮಧ್ಯಾಹ್ನದಲ್ಲಿ ಕರಗಿತ್ತು.
ಕೂಗಾಡಿದೆ. ಎರಡು ದಿನ ಆಕೆ
ರೊಟ್ಟಿ ಬಡಿದಿಟ್ಟಳು, ಊಟಕ್ಕೆ ಕರೆಯಲಿಲ್ಲ.
ಮೂರನೆಯ ದಿನ ಮತ್ತೆ ಕನ್ನಡಿ ಹಿಡಿದು ತಿರುಗಿಸಿದೆ:
ದೊರೆ ಇರಲಿಲ್ಲ.
ಕಂಬ ಇತ್ತು. ಇಬ್ಬರೂ ಇದ್ದರು.
ಬಸ್ಸು ಇನ್ನೂ ಬಂದಿರಲಿಲ್ಲ.

ಮೊನ್ನೆ ಗದ್ದಲದಲ್ಲಿ ಕಿಸೆಯಿಂದ ಚೀಲಕ್ಕೆ ಜಾರಿ
ಚಿಲ್ಲರೆಯ ಜೊತೆ ಒಬ್ಬ ಮುದುಕನ ಅಂಗೈಗೆ ಹೋಯಿತು.
ಸಂತೆಕೆಲ್ಲೂರಿನಲ್ಲಿ ಹತ್ತಿದವ,
ಕಂಬಳಿಗೆ ಕುರಿಯ ವಾಸನೆ.
ಬೆಳಕಿಗೆ ಹಿಡಿದ, ಹೆಬ್ಬೆರಳಿಂದ ಸವರಿದ,
ಇದ್ದ ಒಂದು ಹಲ್ಲಿಗೆ ಕೊಟ್ಟು ಕಡಿದ.
"ತಂಗಿ, ಇದು ನಡಿಯಂಗಿಲ್ಲ."
ಹೌದ್ರಿ ಯಜ್ಜ, ಇನ್ನೆಷ್ಟು ನಡೀಬೇಕು ಅದು,
ಕಡಲು ದಾಟಿ ಬಂದದ, ಅಂದೆ.
"ಹಂಗಾರ ಕುಂದರ್ಸವ್ವ" ಅಂದ,
ಕಿಟಕಿಯ ಕಡೆ ಸ್ವಲ್ಪ ಸರಿದು.