ಬದಲಿ ಕಾಲು

ಹರಕೆ ಅಪೊಲೋನಿಯಾ ಬಾಯಿಯದು, ಕಾಲು ನನ್ನವು.
ಬಲ ಮೊಣಕಾಲಿಗೆ ಸ್ಟೀಲು ಕೂಡಿಸಿಕೊಂಡು
ಆಗೊಂದದ ಜಗಲಿಯಲ್ಲಿ ಕೂತಿದ್ದಾಳೆ ಅವಳು.
ಕಾರವಾರದಿಂದ ನಡೆದು ಬಂದ ಗುಂಪಿಗೆ ನನ್ನನ್ನು ಸೇರಿಸಿ,
ಒಂದೇ ದಿನದ ಮಟ್ಟಿಗೆ, ಬೇತೂಲ್ ತನಕ,
ಕೈಗೊಂದು ಮೇಣದ ಬತ್ತಿ ಕೊಟ್ಟಳು. ಆಮೇಲೆ
ದಿನದ ಪಗಾರ. ಮುಂಗಡ.
ಬೇಡ ಅನ್ನಬೇಕಿತ್ತು.
ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಮೊದಲ ಏರು ಮುಗಿಯುವ ಮೊದಲೇ ಚಪ್ಪಲಿಯ ಉಂಗುಟ ಕಿತ್ತುಬಂತು.
ಮಾಜಾಳಿಯ ಕಾಯ್ತಾನ ಮಾಮ
ಬಲೆಯ ನೂಲಿನಲ್ಲಿ ಹೊಲಿದು ಕೊಟ್ಟ, ಹೆಸರು ಕೇಳಿದ.
ಫಕೀರವ್ವ ಅಂದೆ.
‘ಹಂಗಾದ್ರೆ ನಡೆಯೋದು ನಿನ್ನ ಕೆಲಸಾನೇ’ ಎಂದು ನಕ್ಕು
ಜಪಮಾಲೆಯಲ್ಲಿ ಬಿಟ್ಟ ಮಣಿಗೆ ವಾಪಸ್ಸು ಹೋದ.

ಗುಡ್ಡದ ನೆತ್ತಿ ಬೋಳು. ಕಣ್ಣು ಹೋದಷ್ಟೂ ಚಿರೇಕಲ್ಲು,
ಮಳೆಗಾಲವನ್ನು ಕುಡಿದು ಬಾಯಿ ತೆರೆದೇ ಬಿಟ್ಟ ತೂತುಗಳು,
ತೂತಿಗೊಂದು ಒಣಹುಲ್ಲಿನ ಎಸಳು.
ಈ ಕಲ್ಲು ನನಗೆ ಗೊತ್ತು.
ಸಾಂಗೆಯ ಕ್ವಾರಿಯಲ್ಲಿ ಏಳು ವರ್ಷ
ಸಿಂಬಿ ಸುತ್ತಿ ಹೊತ್ತಿದ್ದೇನೆ,
ಒಂದಕ್ಕೆ ಒಂದೂವರೆ ರೂಪಾಯಿ, ಒಡೆದರೆ ನಮ್ಮ ಲೆಕ್ಕ.
ಆಗ ಅದು ನನ್ನ ಮೇಲೆ ನಡೆಯುತ್ತಿತ್ತು.
ಇವತ್ತು ನಾನು.

ಎಡಕ್ಕೆ, ಬಹಳ ಕೆಳಗೆ, ಸಮುದ್ರ
ಬೂದಿ ಹಾಕಿ ದೊಡ್ಡ ಪಾತ್ರೆ ತಿಕ್ಕಿದ ಹಾಗೆ.
ನನ್ನ ಕೊಂಕಣಿ ಅಡಿಗೆಮನೆಯದು:
ಉಪ್ಪು, ಬಂಗಡೆ, ಬೇಗ, ಸಾಕು.
ದೇವರ ಹತ್ತಿರ ಮಾತಾಡಲಿಕ್ಕೆ ಅಷ್ಟು ಸಾಲದು.
ಎಲ್ಲರೂ ಆಮೆನ್ ಅಂದಲ್ಲಿ ನಾನೂ ಅಂದೆ,
ಒಂದೆರಡು ಸಲ ತಡವಾಗಿ, ಒಬ್ಬಳೇ.

ಖೋಲದ ಕೋಟೆ ದಾಟಿ ಗೇರುಮರದ ನೆರಳಲ್ಲಿ
ಗಂಜಿ, ಉಪ್ಪಿನ ಮಿಡಿ. ಯಾರೋ ನನ್ನ ತಟ್ಟೆಯನ್ನೂ ತೊಳೆದಿಟ್ಟರು.
ಏನು ಮಾಡಬೇಕೋ ತಿಳಿಯದೆ ಕೈ ಹಾಗೇ ಹಿಡಿದು ನಿಂತೆ.
ಆಚೆ ಬಂಡೆ ಇಳಿಯುವಾಗ ಮೊಣಕಾಲೊಳಗೆ
ಹಳೇ ಕದದ ತಿರುಗಣಿ ಕಿರ್ ಅಂದಿತು.

ಬೇತೂಲ್. ಹೊಳೆ ಸಮುದ್ರಕ್ಕೆ ಬೀಳುವಲ್ಲಿ ದೋಣಿದೀಪ.
ಇಗರ್ಜಿಯ ಮೆಟ್ಟಿಲಿಗೆ ಬತ್ತಿ ಹಚ್ಚಿಟ್ಟು ಫೋನ್ ಮಾಡಿದೆ.
‘ಮುಟ್ಟಿದೆ, ಬಾಯಿ.’
‘ನೋವು?’
‘ಮೊಣಕಾಲು.’
ಆ ಕಡೆ ಫ್ಯಾನು ತಿರುಗುವ ಸದ್ದು.
‘ಯಾವುದು?’
ಎಡದ್ದು.
‘ಬಲ’ ಅಂದೆ.
ಅವಳು ಉಸಿರು ಬಿಟ್ಟದ್ದು ಇಷ್ಟು ದೂರಕ್ಕೆ ಕೇಳಿಸಿತು.

ಆಮೇಲೆ ಹೊಳೆಗೆ ಇಳಿದೆ.
ಎಡಗಾಲನ್ನು ನೀರಿಗೆ ಬಿಟ್ಟು ಬಹಳ ಹೊತ್ತು ಕೂತೆ.
ಅದಕ್ಕೆ ಯಾರೂ ಪಗಾರ ಕೊಟ್ಟಿರಲಿಲ್ಲ.