ಕಿಲ್ಲಾ ಓಣಿಗೆ ಬಂದ ಲಕೋಟೆ

ತಾಸಿಗೆ ಇಪ್ಪತ್ತೈದು, ಅರ್ಧ ತಾಸಿಗೆ ಹದಿನೈದು.
ಲೆಕ್ಕ ಕೂಡೂದಿಲ್ಲಲ್ಲೋ ಮುತ್ತಣ್ಣ ಅಂದ್ರ
ಅವಸರದವರಿಗೆ ತುಟ್ಟಿ ಅಂತಿದ್ದ.
ನವನಗರದಾಗ ಆಗ ಗಿಡಾ ಇರ್ಲಿಲ್ಲ, ನೆರಳೂ ಇರ್ಲಿಲ್ಲ,
ಇದ್ದದ್ದು ಬರೇ ಸೆಕ್ಟರ್ ನಂಬರು
ಮತ್ತ ಅವನ ಸೈಬರ್ ಕೆಫೆ, ಪ್ಲೈವುಡ್ಡಿನ ಮೂರು ಗೂಡು.

ಲಿಂಥೋಯ್ ಮಣಿಪುರದಾಕಿ. ನರ್ಸಿಂಗ್ ಕಲಿಯಾಕ ಬಂದು
ನಮ್ಮ ಮ್ಯಾಲಿನ ಖೋಲಿ ಹಿಡಿದಿದ್ದಳು.
ಟ್ರಂಕಿನ ತಳದಾಗ, ಒಣಮೀನಿನ ಡಬ್ಬಿ ಮಗ್ಗಲಕ,
ಪೇಪರಿನ್ಯಾಗ ಸುತ್ತಿಟ್ಟ ಒಂದು ಸೀಡಿ.
ಅದರಾಗ ಅಂವ ಹಾಡತಿದ್ದ, ಸಿಯೋಲಿನ ದೋ-ರಿನ್.
ಗೀರು ಬಿದ್ದಲ್ಲೆ ಸೀಡಿ ನಿಲ್ಲತಿತ್ತು,
ತೆರೆದ ಬಾಯಿ ತೆರೆದೇ ಇರತಿತ್ತು.
ಅವ್ವ ರೊಟ್ಟಿ ಕೊಡಾಕ ಮ್ಯಾಲ ಬಂದಾಕಿ ನೋಡಿ
ಹಲ್ಲು ಚೊಲೋ ಅದಾವ ಹುಡುಗಗ, ಅಂದಳು.

ದೋ ಅಂದ್ರ ಎರಡಲ್ಲೇನು, ಇನ್ನೊಬ್ಬ ಎಲ್ಲಿ?
ಮುತ್ತಣ್ಣನ ಚಾಷ್ಟಿ ದಿನಾ ಅದೇ.
ನಾವು ತಿರುಗಿ ನೋಡತಿರಲಿಲ್ಲ,
ಪರದೆ ಮ್ಯಾಲ ಫೋಟೋ ಇಳಿಯಾಕತ್ತಿತ್ತು:
ಮೊದಲು ಕೂದಲ,
ಎಣ್ಣಿ ಕಾಣದ ಕೆಂಚ ಕೂದಲ,
ಹುಬ್ಬು ಬರೂದ್ರಾಗ ಐದು ರೂಪಾಯಿ,
ಕಣ್ಣಿಗೆ ಇನ್ನೈದು,
ಮೂಗಿನ ತುದಿಗೆ ಬಂದಾಗ ಕರೆಂಟ್ ಹೋತು.
ಗದ್ದ ಹೆಂಗಿರಬೇಕು ಅಂತ
ಎಂಟು ದಿನ ಜಗಳಾಡಿದ್ವಿ.

ಅಭಿಮಾನಿಗಳ ಬಳಗಕ್ಕ ಸೇರೂ ಫಾರ್ಮಿನ್ಯಾಗ
ಹೆಸರು ಬರದೆ. ವಯಸ್ಸಿಗೆ ಎರಡು ವರ್ಷ ಕೂಡಿಸಿದೆ.
ವಿಳಾಸ ಅನ್ನೂ ಕಡೆ ಬೆರಳು ನಿಂತವು.
ಸೆಕ್ಟರು, ಪ್ಲಾಟು ಅಂತ ಬರದ್ರ
ನಾನು ಎಲ್ಲ್ಯಾಕಿ ಅಂತ ಅವಗ ಹೆಂಗ ತಿಳೀಬೇಕು?
ಕರವೀರಪ್ಪನ ಮಗಳು,
ಮನಿ ನಂಬರ್ ನೂರಾ ಹನ್ನೆರಡು,
ಬೇವಿನ ಗಿಡದ ಎದುರು, ಕಿಲ್ಲಾ ಓಣಿ, ಬಾಗಲಕೋಟಿ.
ಆ ಹೊತ್ತಿಗೆ ಆ ಬೇವಿನ ಟೊಂಗಿಯೊಳಗ
ಮೀನು ತಿರುಗತಿದ್ದವು.

ಮೂರು ತಿಂಗಳಿಗೆ ಟಪಾಲಿನ ಯಮನೂರಪ್ಪ
ಸೈಕಲ್ ಗ್ವಾಡಿಗಾನಿಸಿ ಕೂಗಿದ:
ನೀರಾಗಿನ ಮನಿಗೆ ಕಾಗದ ಬಂದೈತಿ ನೋಡವಾ.
ಕಿಲ್ಲಾದಾಗ ಇಪ್ಪತ್ತೆರಡು ವರ್ಷ ತಿರುಗಿದಾವ,
ಯಾರು ಯಾವ ಸೆಕ್ಟರಿಗೆ ಚದರ್ಯಾರ ಅಂತ
ಅವನೊಬ್ಬನ ತಲ್ಯಾಗಿತ್ತು.

ಒಳಗೊಂದು ಕಾರ್ಡು, ಹೆಬ್ಬೆರಳಿನಷ್ಟು ಫೋಟೋ,
ಪೂರ್ತಿ ಮುಖ.
ಗದ್ದದಾಗ ಸಣ್ಣದೊಂದು ಗಾಯದ ಗುರುತು.
ಲಿಂಥೋಯ್ ಹೇಳಿದ್ದೂ ಅಲ್ಲ, ನಾನು ಹೇಳಿದ್ದೂ ಅಲ್ಲ.

ನಾವು ಕಾರ್ಡ್ ಹಿಡಕೊಂಡು ಕುಣಿಯೂದ್ರಾಗ
ಅಪ್ಪ ಲಕೋಟೆ ಹಿಡಕೊಂಡು ಕುಂತಿದ್ದ.
ಪರಿಹಾರದ ನೋಟೀಸಿನ್ಯಾಗ ಕರವೀರಪ್ಪ ಹೋಗಿ ಕರಿಯಪ್ಪ,
ನೂರಾ ಹನ್ನೆರಡು ಹೋಗಿ ನೂರಾ ಇಪ್ಪತ್ತೊಂದು.
ಸಮುದ್ರದಾಚೆಗಿನ ಹುಡುಗ ಸರಿಯಾಗಿ ಬರದಾನಲ್ಲ,
ಅಂದವನೇ ಧೋತರ ಕೊಡವಿ ಕಚೇರಿಗೆ ನಡೆದ.
ಕಾರ್ಡ್ ಹೋದೀತು ಅಂತ ನಾನೂ ಬೆನ್ನತ್ತಿದೆ.

ಗುಮಾಸ್ತ ತಿರುವಿ ತಿರುವಿ ನೋಡಿ
ಇದ್ಯಾವ ಇಲಾಖೇದು ಮೊಹರು? ಅಂದ.
ತಾರೀಖ ನೋಡಿ
ಮುಳುಗಿದ ಮ್ಯಾಲ ಬಂದ ಕಾಗದಲ್ಲೋ ಇದು, ಅಂದ.
ಮುಳುಗಿದ ಮ್ಯಾಲೂ ಮುಟ್ಟೇತಲ್ರೀ ಸಾಹೇಬ್ರ,
ಅಂದ ಅಪ್ಪ.
ಫ್ಯಾನ್ ಸುಮ್ಮನ ತಿರುಗಿತು.
ಆಮ್ಯಾಲ ಗುಮಾಸ್ತ ಖಾನೇದಾಗಿಂದ ಕತ್ತರಿ ತಗದು
ನಮ್ಮ ಹುಡುಗಿ ಕೂಡಿಸತಾಳ ಅಂತ
ಹಕ್ಕಿ ಚಿತ್ರದ ಸ್ಟಾಂಪು ಕತ್ತರಿಸಿಕೊಂಡು
ಉಳಿದದ್ದನ್ನ ಫೈಲಿಗೆ ಪೋಣಿಸಿದ.
ಹೆಸರು ಸರಿಯಾತು. ನಂಬರ್ ಹಂಗೇ ಉಳೀತು.

ಲಿಂಥೋಯ್ ಊರಿಗೆ ಹೋಗಿ ಒಂದೇ ಕಾಗದ ಬರದಳು:
ಅಂವ ಮಿಲಿಟ್ರಿಗೆ ಹೋದನಂತ,
ಕೂದಲ ಬೋಳಿಸಿದರಂತ, ಪಾಪ.
ಮುಂದ ಅವನ ಹಾಡು ಬಂದದ್ದು ನನಗ ಗೊತ್ತಿಲ್ಲ.

ಕಾರ್ಡಿನ ಬೆನ್ನಿಗೆ ಒಂದು ಸಾಲು ಇತ್ತು,
ಸುತ್ತು, ಗೆರಿ, ಸುತ್ತು.
ಪ್ರೀತಿಯ ಮಾತೇ ಇರಬೇಕು ಅಂತ
ಇಪ್ಪತ್ತು ವರ್ಷ ಹಂಗೇ ಇಟ್ಟುಕೊಂಡಿದ್ದೆ.
ಮೊನ್ನೆ ಫೋನ್ ಹಿಡಿದ್ರ ಅದು ಓದಿ ಹೇಳಿತು:
ಬಿದ್ದದ್ದು ಸಿಕ್ಕರೆ ಹತ್ತಿರದ ಅಂಚೆ ಡಬ್ಬಿಗೆ ಹಾಕಿ.

ನಮಗ ಹತ್ತಿರದ್ದು
ಓಣಿ ಮೂಲ್ಯಾಗಿನ ಆ ಕೆಂಪು ಡಬ್ಬಿ.
ನೀರು ಬರೂ ಮೊದಲು ಅದನ್ನ ಕಿತ್ತರೋ, ಹಂಗೇ ಬಿಟ್ಟರೋ,
ಯಮನೂರಪ್ಪ ಇದ್ದಾಗ ಕೇಳಬೇಕಿತ್ತು.